ಕೊನೇ ಸಾಲಿಗೂ ಕೇಳ್ಬೇಕು: ಪಿಟೀಲು ಚೌಡಯ್ಯನವರ ಕಥೆ

ಕಳೆದ ಬೇಸಿಗೆ ರಜೆಯಲ್ಲಿ ನಾವು ಮೂವರು ಪುತ್ತೂರಿನ ಹತ್ತಿರದ ಕೆದಂಬಾಡಿಗೆ ಹೋಗಿದ್ದೆವು. ನಮ್ಮಲ್ಲಿ ಒಬ್ಬನ ಮನೆ ಇರುವುದು ಅಲ್ಲೇ, ತಿಂಗಳಾಡಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮಧ್ಯೆ. ಅವನ ಚಿಕ್ಕಪ್ಪನ ಹೊಸ ಮನೆಯ ಒಕ್ಕಲು. ಹಾಸ್ಟೆಲಿನಲ್ಲಿ ಗಿಟಾರ್ ಬಾರಿಸಿ ವಿಡಿಯೊ ಹಾಕುವ ಹುಡುಗರು ಅಂತ ನಮಗೆ ಊರಿನಲ್ಲಿ ಆಗಲೇ ಸ್ವಲ್ಪ ಹೆಸರು ಬಂದಿತ್ತು. ಹಾಗಾಗಿ ಊಟಕ್ಕೆ ಮೊದಲು ಎರಡು ಹಾಡು ಬಾರಿಸಿ ಅಂತ ಹೇಳಿದರು. ಅಂಗಳಕ್ಕೆ ಚಪ್ಪರ ಹಾಕಿದ್ದರು, ಸ್ಪೀಕರ್ ಇತ್ತು, ಮೈಕ್ ಇತ್ತು. ಶುರು ಮಾಡಿ ಐದು ನಿಮಿಷ ಆಗಿರಲಿಲ್ಲ, ಗುಡುಗು ಬಂತು, ಕರೆಂಟ್ ಹೋಯಿತು.

ನಾವು ನಿಲ್ಲಿಸಲಿಲ್ಲ. ಮೈಕ್ ಇಲ್ಲದೆಯೇ ಪೂರ್ತಿ ಬಾರಿಸಿದೆವು. ಎದುರಿಗೆ ಕೂತ ಮಕ್ಕಳು ಚಪ್ಪಾಳೆ ಹೊಡೆದರು. ಹತ್ತಿರದಿಂದ ಮೊಬೈಲಿನಲ್ಲಿ ತೆಗೆದ ವಿಡಿಯೊ ಬಹಳ ಚೆನ್ನಾಗಿ ಬಂತು. ರಾತ್ರಿ ಹಾಕಿದೆವು, ಲೈಕ್‌ಗಳು ಬಂದವು. ಆದರೆ ಊಟದ ಹೊತ್ತಿಗೆ, ಚಪ್ಪರದ ಕೊನೆಯಲ್ಲಿ ಕೂತಿದ್ದ ಅಜ್ಜ ನಮ್ಮನ್ನು ಕರೆದು ಒಂದೇ ಮಾತು ಹೇಳಿದರು: ನಿಮ್ಮ ಕೈ ಆಡುವುದು ಕಂಡಿತು, ಹಾಡು ಎಂತದ್ದೂ ಕೇಳಲಿಲ್ಲ ಅಂತ. ಜೊತೆಗೆ, ಹಿಂದೆ ಮೈಕ್ ಇಲ್ಲದ ಕಾಲದಲ್ಲಿ ಇದೇ ತೊಂದರೆಗೆ ಪಿಟೀಲಿನ ತಂತಿಯನ್ನೇ ಹೆಚ್ಚು ಮಾಡಿದವರೊಬ್ಬರು ಮೈಸೂರಿನಲ್ಲಿ ಇದ್ದರು, ಅವರ ಪಿಟೀಲನ್ನು ತಾನು ರೇಡಿಯೊದಲ್ಲಿ ಕೇಳಿದ್ದೇನೆ ಅಂತಲೂ ಹೇಳಿದರು.

ಆ ದಿನ ನಮಗೆ ಸ್ವಲ್ಪ ಬೇಜಾರೇ ಆಯಿತು. ಹಾಸ್ಟೆಲಿಗೆ ವಾಪಸ್ ಬಂದ ಮೇಲೆ ಅಜ್ಜ ಹೇಳಿದವರು ಯಾರು ಅಂತ ಹುಡುಕಿ, ಓದಿ, ಅವರ ಹಳೇ ರೆಕಾರ್ಡ್‌ಗಳನ್ನು ಕೇಳಿದೆವು. ಅವರೇ ಮೈಸೂರು ಟಿ. ಚೌಡಯ್ಯ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಹಾಲ್ ನೋಡಿದವರು ನಮ್ಮಲ್ಲಿ ತುಂಬ ಜನ ಇದ್ದೇವೆ. ಆದರೆ ಆ ಹೆಸರಿನ ಹಿಂದೆ ಇರುವ ಮನುಷ್ಯನ ಬಗ್ಗೆ ನಮಗೆ ಏನೂ ಗೊತ್ತಿರಲಿಲ್ಲ. ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೆದಂಬಾಡಿಯ ಹತ್ತಿರದ ಕುಂಬ್ರದಲ್ಲಿ ಬಸ್ ಹತ್ತಿದರೆ ಸುಳ್ಯ, ಸಂಪಾಜೆ, ಮಡಿಕೇರಿ ದಾಟಿ ಅದೇ ರಸ್ತೆ ಮೈಸೂರಿಗೆ ಹೋಗುತ್ತದೆ. ಮೈಸೂರಿನಿಂದ ಇನ್ನೂ ಮುಂದೆ ಹೋದರೆ ತಿರುಮಕೂಡಲು ನರಸೀಪುರ, ಅಂದರೆ ಎಲ್ಲರೂ ಹೇಳುವ ಟಿ. ನರಸೀಪುರ. ಅಲ್ಲಿ ಕಾವೇರಿ ಮತ್ತು ಕಪಿಲಾ ನದಿಗಳು ಸೇರುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲೇ ಸೇರುತ್ತದೆ ಅನ್ನುವ ನಂಬಿಕೆಯಿಂದ ಅದನ್ನು ತ್ರಿವೇಣಿ ಸಂಗಮ ಅಂತ ಕರೆಯುತ್ತಾರೆ. ಚೌಡಯ್ಯ ಹುಟ್ಟಿದ್ದು ಆ ಊರಿನಲ್ಲಿ, 1895ರಲ್ಲಿ. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಹೆಸರಿನ ಮುಂದಿನ ಟಿ ಅನ್ನುವ ಅಕ್ಷರ ಆ ಊರಿನದ್ದೇ. ಮುಂದೆ ಅವರು ಕೃತಿಗಳನ್ನು ರಚಿಸಿದಾಗ ಅಂಕಿತವಾಗಿ ಇಟ್ಟುಕೊಂಡದ್ದೂ ತ್ರಿಮಕುಟ ಅನ್ನುವ ಊರಿನ ಹೆಸರನ್ನೇ.

1910ರಲ್ಲಿ, ಸುಮಾರು ಹದಿನೈದು ವರ್ಷದ ಹುಡುಗ ಚೌಡಯ್ಯ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯನಾದರು. ಇಲ್ಲಿ ನಾವು ಕರಾವಳಿಯವರು ಸ್ವಲ್ಪ ಎದೆ ಉಬ್ಬಿಸಬಹುದು. ಮೈಸೂರು ಆಸ್ಥಾನದ ಆ ದೊಡ್ಡ ವಿದ್ವಾಂಸರು ಮೂಲದಲ್ಲಿ ನಮ್ಮ ಕಡೆಯವರೇ. 1866ರಲ್ಲಿ ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ, ಕೊಂಕಣಿ ಮಾತಾಡುವ ಬಡ ಕುಟುಂಬದಲ್ಲಿ ಹುಟ್ಟಿದವರು. ಕವಿ ಮುದ್ದಣನ ಊರೂ ಅದೇ.

ಕೃಷ್ಣಪ್ಪನವರು ಪಿಟೀಲು ವಾದಕರಲ್ಲ, ಹಾಡುಗಾರರು. ಇದನ್ನು ಓದಿದಾಗ ನಮಗೆ ಮೊದಲು ವಿಚಿತ್ರ ಅನಿಸಿತು. ಹಾಡುವವರು ಪಿಟೀಲು ಕಲಿಸುವುದು ಹೇಗೆ? ಕರ್ನಾಟಕ ಸಂಗೀತದಲ್ಲಿ ವಾದ್ಯ ಏನೇ ಇರಲಿ, ಅಳತೆಗೋಲು ಗಂಟಲೇ. ಗುರು ಹಾಡಿದ ಗಮಕ ಶಿಷ್ಯನ ಕಮಾನಿನಲ್ಲಿ ಹಾಗೆಯೇ ಬರಬೇಕು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ಕಮಾನು ತಿರುಗಬೇಕು. ಬಂದಿಲ್ಲ ಅಂದರೆ ಮತ್ತೆ ಮೊದಲಿನಿಂದ. ಕೃಷ್ಣಪ್ಪನವರು ಶಿಸ್ತಿಗೆ ಹೆಸರಾದವರು. ಚೌಡಯ್ಯ ಅವರ ಕೈಕೆಳಗೆ ವರ್ಷಗಟ್ಟಲೆ ಸಾಧನೆ ಮಾಡಿದರು. ನಮ್ಮ ಹಾಗೆ ಯೂಟ್ಯೂಬ್ ನೋಡಿ, ಕಷ್ಟದ ಭಾಗ ಬಂದಾಗ ಸ್ಕಿಪ್ ಮಾಡಿ, ಬರುವ ಭಾಗವನ್ನೇ ಹತ್ತು ಸಲ ಬಾರಿಸುವ ಅನುಕೂಲ ಅಲ್ಲಿ ಇರಲಿಲ್ಲ. ಕಷ್ಟದ ಭಾಗ ಯಾವುದು ಅಂತ ತೀರ್ಮಾನ ಮಾಡುವವರು ಗುರುಗಳು.

ಆಮೇಲೆ ಗುರುಗಳ ಕಚೇರಿಗಳಲ್ಲೇ ಪಕ್ಕವಾದ್ಯಕ್ಕೆ ಕೂತರು. ಕಚೇರಿ ನೋಡಿ ಅಭ್ಯಾಸ ಇಲ್ಲದವರಿಗೆ ಪಕ್ಕವಾದ್ಯ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ನಮ್ಮ ಬ್ಯಾಂಡ್‌ಗಳ ಹಾಗೆ ವಾರಗಟ್ಟಲೆ ರಿಹರ್ಸಲ್ ಮಾಡಿ ಬರುವ ಪದ್ಧತಿ ಅಲ್ಲಿ ಸಾಮಾನ್ಯವಾಗಿ ಇಲ್ಲ. ಹಾಡುಗಾರರು ರಾಗ ಆಲಾಪನೆ ಮಾಡುತ್ತಾ ಹೋಗುತ್ತಾರೆ, ಪಿಟೀಲಿನವರು ಹಿಂದೆಯೇ ನೆರಳಿನ ಹಾಗೆ ಹೋಗಬೇಕು. ಅವರು ಮುಗಿಸಿದ ಮೇಲೆ ಪಿಟೀಲಿನವರಿಗೆ ತಮ್ಮದೇ ಆಲಾಪನೆಗೆ ಅವಕಾಶ. ಕಲ್ಪನಾಸ್ವರ ಬಂದಾಗ ಹಾಡುಗಾರರು ಒಂದು ಆವರ್ತ ಹಾಡಿದರೆ ಇವರು ಆ ಕ್ಷಣದಲ್ಲೇ ಉತ್ತರ ಕೊಡಬೇಕು. ತಪ್ಪಿದರೆ ಎದುರಿಗೆ ಕೂತ ರಸಿಕರಿಗೆ ಕೂಡಲೇ ಗೊತ್ತಾಗುತ್ತದೆ. ಡಿಲೀಟ್ ಮಾಡಿ ಇನ್ನೊಂದು ಟೇಕ್ ತೆಗೆಯುವ ಹಾಗಿಲ್ಲ. ದಿನಾ ಪರೀಕ್ಷೆ, ದಿನಾ ರಿಸಲ್ಟ್.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. 1920ರ ದಶಕದಲ್ಲಿ ನಮ್ಮ ಕಚೇರಿಗಳಲ್ಲಿ ಮೈಕ್ ಇರಲಿಲ್ಲ. ದೊಡ್ಡ ಸಭೆ, ಕಿಕ್ಕಿರಿದ ಜನ. ಗಟ್ಟಿ ಕಂಠದ ಹಾಡುಗಾರರ ಧ್ವನಿ ಹಿಂದಿನವರೆಗೂ ಹೋಗುತ್ತಿತ್ತು, ಪಿಟೀಲಿನ ದನಿ ಹೋಗುತ್ತಿರಲಿಲ್ಲ. ಎದುರಿನ ಸಾಲಿನವರು ತಲೆದೂಗುತ್ತಿದ್ದರು, ಹಿಂದಿನವರಿಗೆ ಕಮಾನು ಆಡುವುದು ಮಾತ್ರ ಕಾಣುತ್ತಿತ್ತು. ನಮ್ಮ ಅಜ್ಜನಿಗೆ ಆದದ್ದೂ ಇದೇ ಅಲ್ವಾ!

ಇದರ ಲೆಕ್ಕ ನಮ್ಮ ಫಿಸಿಕ್ಸ್ ಪುಸ್ತಕದಲ್ಲೇ ಇದೆ. ಬಯಲಿನಲ್ಲಿ ದೂರ ಎರಡು ಪಟ್ಟು ಆದರೆ ಶಬ್ದದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಸುಮಾರು 6 ಡೆಸಿಬಲ್ ಕಡಿಮೆ. ಸಭಾಂಗಣದೊಳಗೆ ಗೋಡೆಗಳು ಸ್ವಲ್ಪ ಸಹಾಯ ಮಾಡುತ್ತವೆ. ಆದರೆ ಕೂತ ಜನ, ಅವರ ಬಟ್ಟೆ ಎಲ್ಲ ಶಬ್ದವನ್ನು ಹೀರಿಕೊಳ್ಳುತ್ತವೆ. ಮೈಕ್ ಇಲ್ಲ ಅಂದರೆ ವಾದಕರ ಕೈಯಲ್ಲಿ ಉಳಿಯುವುದು ಎರಡೇ ದಾರಿ: ಕಮಾನನ್ನು ಇನ್ನೂ ಒತ್ತಿ ಎಳೆಯುವುದು, ಇಲ್ಲವೇ ವಾದ್ಯವನ್ನೇ ಬದಲಿಸುವುದು. ಒತ್ತಿ ಎಳೆಯುವುದಕ್ಕೆ ಒಂದು ಮಿತಿ ಇದೆ, ಅದನ್ನು ದಾಟಿದರೆ ಪಿಟೀಲು ಕಿರುಚುತ್ತದೆ.

ಚೌಡಯ್ಯ ಎರಡನೇ ದಾರಿ ಹಿಡಿದರು. ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದರು. ಏಳು ತಂತಿ ಅಂದರೆ ಏಳು ಬೇರೆ ಬೇರೆ ದಾರಿ ಅಲ್ಲ, ಮೊದಲೇ ಇದ್ದ ತಂತಿಗೆ ಜೋಡಿಯಾಗಿ ಇನ್ನೊಂದು. ಒಂದೇ ಬೆರಳು ಎರಡನ್ನೂ ಒಟ್ಟಿಗೆ ಒತ್ತಬೇಕು, ಒಂದೇ ಕಮಾನು ಎರಡನ್ನೂ ಒಟ್ಟಿಗೆ ನುಡಿಸಬೇಕು. ಗಿಟಾರ್ ಬಾರಿಸುವವರಿಗೆ 12 ತಂತಿಯ ಗಿಟಾರ್ ನೆನಪಾಗಬಹುದು. ಅಲ್ಲಿಯೂ ಆರು ಜೋಡಿ ಇರುವುದು, ಅದಕ್ಕೇ ಆ ಗಿಟಾರಿನ ದನಿ ಅಷ್ಟು ತುಂಬಿ ಬರುವುದು.

ಹೇಳುವುದು ಸುಲಭ, ಮಾಡುವುದು ಅಷ್ಟು ಸುಲಭ ಅಲ್ಲ. ಹೊಸ ತಂತಿಗಳಿಗೆ ಹೊಸ ಬಿರಡೆಗಳು ಬೇಕು. ಕುದುರೆಯ ಮೇಲೆ ಹೊಸ ಗೀರುಗಳು ಬೇಕು, ಅವುಗಳ ಮಧ್ಯದ ಅಂತರ ಸರಿಯಾಗಿರಬೇಕು. ತಂತಿಗಳ ಎಳೆತ ಜಾಸ್ತಿಯಾದ ಹಾಗೆ ಮರದ ಮೇಲೆ ಬೀಳುವ ಲೋಡ್ ಕೂಡ ಜಾಸ್ತಿ. ಜೋಡಿಯ ಎರಡು ತಂತಿಗಳಲ್ಲಿ ಶ್ರುತಿ ಒಂದು ಕೂದಲೆಳೆಯಷ್ಟು ತಪ್ಪಿದರೂ ದನಿ ಅಲೆ ಅಲೆಯಾಗಿ ನಡುಗುತ್ತದೆ. ನಾವು ಲ್ಯಾಬಿನಲ್ಲಿ ಬೀಟ್ಸ್ ಅಂತ ನೋಡುತ್ತೇವಲ್ಲ, ಅದೇ. ಎಲ್ಲಕ್ಕಿಂತ ಹೆಚ್ಚಾಗಿ, ವರ್ಷಗಟ್ಟಲೆ ಒಂದೊಂದೇ ತಂತಿಗೆ ಪಳಗಿದ ಬೆರಳು ಈಗ ಮತ್ತೆ ಹೊಸದಾಗಿ ಕಲಿಯಬೇಕು. ಆ ಹೊತ್ತಿಗೆ ಚೌಡಯ್ಯ ಹೊಸಬರೇನಲ್ಲ, ಹೆಸರು ಮಾಡಿದ ವಿದ್ವಾಂಸರು. ಇದ್ದದ್ದರಲ್ಲೇ ಆರಾಮಾಗಿ ಇರಬಹುದಿತ್ತು.

ಇನ್ನೊಂದು ವಿಷಯ ನಮ್ಮನ್ನು ಯೋಚನೆಗೆ ಹಚ್ಚಿತು. ತಂತಿ ಎರಡಾದರೆ ಶಬ್ದ ಎರಡು ಪಟ್ಟು ಆಗುವುದಿಲ್ಲ. ಶಕ್ತಿ ಎರಡು ಪಟ್ಟಾದರೂ ಸಿಗುವುದು 3 ಡೆಸಿಬಲ್ ಮಾತ್ರ. ನಮ್ಮ ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು. ಕಮಾನು ಎಳೆಯುವ ಕೈ ಬೇರೆ ಒಂದೇ. ಹಾಗಾದರೆ ಚೌಡಯ್ಯನವರ ಪಿಟೀಲು ಅಷ್ಟು ತುಂಬಿ ಕೇಳುವುದು ಬರೀ ತಂತಿಯಿಂದ ಅಲ್ಲ. ಅವರ ಹಳೇ ರೆಕಾರ್ಡ್ ಹೆಡ್‌ಫೋನಿನಲ್ಲಿ ಕೇಳಿದರೆ ಗೊತ್ತಾಗುತ್ತದೆ, ದನಿ ದಪ್ಪ, ಕಮಾನು ಉದ್ದ, ಎಲ್ಲೂ ತೆಳುವಾಗುವುದಿಲ್ಲ. ತಂತಿ ಸೇರಿಸಿದ್ದು ಒಂದು ಭಾಗ, ಆ ತಂತಿಗೆ ತಕ್ಕ ಕೈ ಬೆಳೆಸಿದ್ದು ಇನ್ನೊಂದು ಭಾಗ. ಎರಡನೆಯದಕ್ಕೆ ಸಾಧನೆ ಬಿಟ್ಟು ಬೇರೆ ದಾರಿ ಇಲ್ಲ.

ಏಳು ತಂತಿಯ ಪಿಟೀಲು ಕಚೇರಿಗೆ ಬಂದದ್ದು 1927ರ ಸುಮಾರಿಗೆ. ಇದರ ಬಗ್ಗೆ ಒಂದು ಸಂಗತಿ ಹೇಳುತ್ತಾರೆ. ಚೌಡಯ್ಯ ಹೊಸ ಪಿಟೀಲಿನ ವಿಷಯವನ್ನು ಗುರುಗಳಿಗೆ ಮೊದಲೇ ಹೇಳಲಿಲ್ಲವಂತೆ. ಹೇಳದೆಯೇ ಅವರ ಕಚೇರಿಯಲ್ಲಿ ನುಡಿಸಿದರಂತೆ. ಪಿಟೀಲು ಎಂದಿಗಿಂತ ಚೆನ್ನಾಗಿ ಕೇಳುತ್ತಿದೆಯಲ್ಲ ಅಂತ ಕೃಷ್ಣಪ್ಪನವರ ಕಿವಿಗೆ ತಾನಾಗಿಯೇ ಬಿತ್ತು. ಆಮೇಲೆ ನೋಡಿದರೆ ತಂತಿ ಏಳು! ಅವರು ಬೈದು ತೆಗೆದುಹಾಕು ಅನ್ನಲಿಲ್ಲ. ಹಾಗಂತ ತಾವೊಬ್ಬರೇ ಒಪ್ಪಿ ಸುಮ್ಮನಾಗಲೂ ಇಲ್ಲ, ಇನ್ನೂ ಹಿರಿಯರಿಗೆ ತೋರಿಸಿ ಅವರ ಒಪ್ಪಿಗೆ ಪಡೆದೇ ಮುಂದುವರಿಯಬೇಕು ಅಂದರಂತೆ.

ಈ ಪ್ರಸಂಗ ನಮಗೆ ತುಂಬ ಇಷ್ಟವಾಯಿತು. ಮೊದಲೇ ಹೇಳಿ ತೋರಿಸಿದ್ದರೆ ಗುರುಗಳು ಕಣ್ಣಿನಿಂದ ನೋಡುತ್ತಿದ್ದರು, ಸಂಪ್ರದಾಯ ಅಂತ ಚರ್ಚೆ ಆಗುತ್ತಿತ್ತು. ಹೇಳದೆ ನುಡಿಸಿದ್ದರಿಂದ ಅವರು ಕಿವಿಯಿಂದ ಮಾತ್ರ ಕೇಳಿದರು. ಈಗಿನ ಭಾಷೆಯಲ್ಲಿ ಇದು ಬ್ಲೈಂಡ್ ಟೆಸ್ಟ್. ಅದೂ ಪರೀಕ್ಷೆಗೆ ಚೌಡಯ್ಯ ಆರಿಸಿಕೊಂಡದ್ದು ಯಾರನ್ನು? ಎಲ್ಲದಕ್ಕೂ ಸೂಪರ್ ಅನ್ನುವ ಗೆಳೆಯನನ್ನಲ್ಲ. ಊರಿನಲ್ಲೇ ಅತಿ ಕಟ್ಟುನಿಟ್ಟಿನ ಕಿವಿಯನ್ನು.

ಎಲೆಕ್ಟ್ರಾನಿಕ್ಸ್ ಬ್ರಾಂಚಿನವರಿಗೆ ಇನ್ನೊಂದು ಮಜಾ ವಿಷಯ. ಅದೇ 1927ರ ಆಗಸ್ಟ್ 2ರಂದು ಅಮೆರಿಕದಲ್ಲಿ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ ಅನ್ನುವ ಎಂಜಿನಿಯರ್ ಹಡ್ಸನ್ ನದಿಯ ಫೆರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಟೆಲಿಫೋನ್ ಆಂಪ್ಲಿಫೈಯರ್‌ಗಳಲ್ಲಿ ಬರುವ ವಿಕಾರ ಕಡಿಮೆ ಮಾಡುವುದು ಹೇಗೆ ಅಂತ ಅವರು ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದರು. ದೋಣಿಯಲ್ಲೇ ಉತ್ತರ ಹೊಳೆಯಿತು, ಕೈಯಲ್ಲಿದ್ದ ಪತ್ರಿಕೆಯ ಮೇಲೆಯೇ ಗೀಚಿದರು. ಔಟ್‌ಪುಟ್‌ನ ಒಂದು ಭಾಗವನ್ನು ಹಿಂದಕ್ಕೆ ತಂದು ಇನ್‌ಪುಟ್‌ನಿಂದ ಕಳೆಯುವುದು. ನಾವು ಈಗ ಓದುವ ನೆಗೆಟಿವ್ ಫೀಡ್‌ಬ್ಯಾಕ್ ಆಂಪ್ಲಿಫೈಯರ್ ಅದೇ. ಗೇನ್ ಕಡಿಮೆ ಆಗುತ್ತದೆ, ಆದರೆ ಆಂಪ್ಲಿಫೈಯರ್ ಸ್ಥಿರವಾಗಿ, ನಂಬುವ ಹಾಗೆ ಕೆಲಸ ಮಾಡುತ್ತದೆ. ಪಾಸಿಟಿವ್ ಫೀಡ್‌ಬ್ಯಾಕ್ ಜಾಸ್ತಿಯಾದರೆ ಏನಾಗುತ್ತದೆ ಅಂತ ಕಾಲೇಜ್ ಡೇ ದಿನ ಸ್ಪೀಕರ್ ಎದುರಿಗೆ ಮೈಕ್ ಹಿಡಿದವರನ್ನು ಕೇಳಿ, ಕುಯ್ಯೋ ಅಂತ ಕೂಗುತ್ತದೆ.

ಮೈಸೂರಿನ ಪಿಟೀಲಿಗೂ ಆ ಫೆರಿಗೂ ಯಾವ ಸಂಬಂಧವೂ ಇಲ್ಲ. ಆದರೆ ಇಬ್ಬರೂ ಮಾಡಿದ್ದು ಸ್ವಲ್ಪ ಒಂದೇ ಥರ. ಹೊರಗೆ ಹೋದದ್ದು ಹೇಗೆ ಕೇಳಿತು ಅನ್ನುವುದನ್ನು ಹಿಂದಕ್ಕೆ ತಂದು, ತಪ್ಪನ್ನು ಕಳೆಯುವುದು.

ಗುರು ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು. ಅಲ್ಲಿಂದ ಮುಂದೆ ಚೌಡಯ್ಯನವರ ಹೆಸರು ದಕ್ಷಿಣ ಭಾರತ ಪೂರ್ತಿ ಹಬ್ಬಿತು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್ ಅವರಂಥ ದೊಡ್ಡವರಿಗೆಲ್ಲ ಪಿಟೀಲು ನುಡಿಸಿದರು. ಅದರಲ್ಲೂ ಕೇರಳದ ಚೆಂಬೈ ವೈದ್ಯನಾಥ ಭಾಗವತರು, ಚೌಡಯ್ಯ, ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್, ಈ ಮೂವರ ಜೋಡಿ ಬಹಳ ಪ್ರಸಿದ್ಧ. ಚೆಂಬೈಯವರದ್ದು ಕಂಚಿನ ಕಂಠ. ಅಂಥವರ ಪಕ್ಕದಲ್ಲಿ ಕೂತು ಪಿಟೀಲು ಕೇಳಿಸಬೇಕು ಅಂದರೆ ಸುಮ್ಮನೆ ಅಲ್ಲ. 1943ರಲ್ಲಿ ವಾಣಿ ಅನ್ನುವ ಸಿನಿಮಾ ಬಂತು, ಅದರಲ್ಲಿ ಚೌಡಯ್ಯ ಇದ್ದಾರೆ, ಈ ಮೂವರ ಕಚೇರಿಯೂ ಇದೆ.

ಮೈಸೂರು ಅರಮನೆ ಅವರನ್ನು 1939ರಲ್ಲಿ ಆಸ್ಥಾನ ವಿದ್ವಾಂಸರನ್ನಾಗಿ ಮಾಡಿಕೊಂಡಿತು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಗೌರವ ಕೊಟ್ಟಿತು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿ ಮಕ್ಕಳಿಗೆ ಕಲಿಸಿದರು. 19 ತಂತಿಯ ಪಿಟೀಲನ್ನೂ ಮಾಡಿ ನೋಡಿದರು. ಏಳಕ್ಕೇ ನಿಲ್ಲಲಿಲ್ಲ ನೋಡಿ ಅವರ ಕುತೂಹಲ.

ಎಲ್ಲರೂ ಏಳು ತಂತಿಗೆ ಬದಲಾದರಾ? ಇಲ್ಲ. ಚೌಡಯ್ಯನವರ ಹತ್ತಿರ ಕಲಿತ ಆರ್.ಆರ್. ಕೇಶವಮೂರ್ತಿಯವರಂಥ ಕೆಲವರು ಅದನ್ನು ಮುಂದುವರಿಸಿದರು. ಉಳಿದವರು ಹೆಚ್ಚಾಗಿ ನಾಲ್ಕು ತಂತಿಯಲ್ಲೇ ಉಳಿದರು. ಶ್ರುತಿ ಮಾಡುವ ಕಷ್ಟ ಒಂದು ಕಡೆ. ಇನ್ನೊಂದು ಕಡೆ ಮೈಕ್ ಬಂತು, ಕೊನೇ ಸಾಲಿಗೆ ಕೇಳಿಸಲು ಇನ್ನೂ ಮೂರು ತಂತಿ ಬೇಕಾಗಿಲ್ಲ. ಹಾಗಾದರೆ ಚೌಡಯ್ಯನವರ ಕೆಲಸ ವ್ಯರ್ಥವಾಯಿತಾ ಅಂತ ನಮ್ಮ ರೂಮಿನಲ್ಲಿ ಒಂದು ರಾತ್ರಿ ಜೋರು ಚರ್ಚೆ ಆಯಿತು. ಒಬ್ಬನ ಪ್ರಕಾರ ಅದು ಹಳೇ ಟೆಕ್ನಾಲಜಿ, ಮುಗಿಯಿತು. ಇನ್ನಿಬ್ಬರಿಗೆ ಹಾಗೆ ಅನಿಸಲಿಲ್ಲ. ಮೈಕ್ ಶಬ್ದವನ್ನು ದೊಡ್ಡದು ಮಾಡುತ್ತದೆ, ಸರಿ. ಆದರೆ ಹಿಂದೆ ಕೂತವನಿಗೆ ಕೇಳುತ್ತಿಲ್ಲ ಅನ್ನುವುದನ್ನು ತನ್ನ ತಪ್ಪು ಅಂತ ಒಪ್ಪಿಕೊಳ್ಳುವ ಮನಸ್ಸನ್ನು ಮೈಕ್ ಕೊಡುವುದಿಲ್ಲ. ಆ ಕಾಲದ ಎಲ್ಲ ಪಿಟೀಲು ವಾದಕರಿಗೂ ಅದೇ ತೊಂದರೆ ಇತ್ತು. ಸಭೆ ದೊಡ್ಡದು, ನಾವೇನು ಮಾಡುವುದು ಅಂತ ಸುಮ್ಮನಿರಬಹುದಿತ್ತು. ಚೌಡಯ್ಯ ಸುಮ್ಮನಿರಲಿಲ್ಲ.

1967ರ ಜನವರಿ 19ರಂದು ಅವರು ತೀರಿಕೊಂಡರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಕೆ.ಕೆ. ಮೂರ್ತಿಯವರ ಮುಂದಾಳತ್ವದಲ್ಲಿ ಕಟ್ಟಿದ ಸಭಾಂಗಣ 1980ರಲ್ಲಿ ಶುರುವಾಯಿತು. ಕಟ್ಟಡವೇ ಒಂದು ದೊಡ್ಡ ಪಿಟೀಲು, ತಂತಿ, ಕುದುರೆ, ಕಮಾನು ಎಲ್ಲ ಸೇರಿ. ಕೊನೇ ಸಾಲಿನವರಿಗೆ ಕೇಳಬೇಕು ಅಂತ ಒದ್ದಾಡಿದ ಮನುಷ್ಯನ ಹೆಸರಿನಲ್ಲಿ ಈಗ ಎಷ್ಟೋ ಕೊನೇ ಸಾಲುಗಳು ತುಂಬುತ್ತವೆ.

ಇನ್ನು ನಮ್ಮ ವಿಷಯ. ಇದನ್ನೆಲ್ಲ ಓದಿದ ಮೇಲೆ ನಾವು ಹಳೇ ವಿಡಿಯೊಗಳನ್ನು ತೆಗೆದು ಮತ್ತೆ ನೋಡಿದೆವು. ನೂರಾರು ಲೈಕ್‌ಗಳ ಮಧ್ಯೆ ಒಬ್ಬ ಸೀನಿಯರ್ ಅಣ್ಣ ತಿಂಗಳುಗಳ ಹಿಂದೆಯೇ ಒಂದು ಮೆಸೇಜ್ ಕಳಿಸಿದ್ದರು. ಎರಡನೇ ಚರಣದಿಂದ ಸ್ಪೀಡ್ ಜಾಸ್ತಿ ಆಗುತ್ತದೆ ಅಂತ. ಆಗ ನಾವು ಹೊಟ್ಟೆಕಿಚ್ಚು ಅಂದುಕೊಂಡು ಉತ್ತರವನ್ನೂ ಕೊಟ್ಟಿರಲಿಲ್ಲ. ಈಗ ಮೆಟ್ರೊನೋಮ್ ಹಾಕಿ ನೋಡಿದರೆ ನಿಜ, ಮೂರೂ ವಿಡಿಯೊಗಳಲ್ಲಿ ಅದೇ ತಪ್ಪು, ಅದೇ ಜಾಗದಲ್ಲಿ. ಕಾರ್ಡ್ ಬದಲಿಸುವಾಗ ಕೈ ತಡವಾಗುತ್ತಿತ್ತು, ಅದನ್ನು ಮುಚ್ಚಲು ಮುಂದಿನದನ್ನು ಓಡಿಸುತ್ತಿದ್ದೆವು. ದಿನಾ ಸಂಜೆ ಅರ್ಧ ಗಂಟೆ ಆ ಎರಡು ಕಾರ್ಡ್ ಮಾತ್ರ, ನಿಧಾನಕ್ಕೆ. ಬಹಳ ಬೋರು. ಪಕ್ಕದ ರೂಮಿನವರು ಎರಡು ಸಲ ಬಂದು ಬಾಗಿಲು ತಟ್ಟಿದರು. ಸರಿಯಾದ ಮೇಲೆ ಹೊಸ ವಿಡಿಯೊವನ್ನು ಮೊದಲು ಕಳಿಸಿದ್ದು ಆ ಅಣ್ಣನಿಗೇ.

ದೀಪಾವಳಿಗೆ ಮತ್ತೆ ಕೆದಂಬಾಡಿಗೆ ಹೋದೆವು. ಈ ಸಲ ಸ್ಪೀಕರ್ ತೆಗೆದುಕೊಂಡು ಹೋಗಲಿಲ್ಲ. ಅಜ್ಜನಿಗೆ ಜಗಲಿಯಲ್ಲಿ ಕುರ್ಚಿ ಹಾಕಿ, ನಾವು ಅಂಗಳದ ಆ ಕಡೆ, ಅಡಿಕೆ ಒಣಗಲು ಹಾಕಿದ್ದರ ಆಚೆ ನಿಂತು ಬಾರಿಸಿದೆವು. ಮುಗಿದ ಮೇಲೆ ಹತ್ತಿರ ಹೋಗಿ ಕೇಳಿದೆವು. ಈಗ ಕೇಳುತ್ತದೆ ಅಂದರು. ನಮಗೆ ಖುಷಿಯಾಗಿ ಇನ್ನೂ ಏನಾದರೂ ಹೇಳುತ್ತಾರಾ ಅಂತ ಕಾದೆವು. ಕಡೆಗೆ ಯಾಕೆ ಅಷ್ಟು ಅವಸರದಲ್ಲಿ ನಿಲ್ಲಿಸುವುದು, ಬಸ್ಸು ಹೋಗ್ತದಾ ಅಂತ ಕೇಳಿದರು.

ಈಗ ಅದನ್ನು ಅಭ್ಯಾಸ ಮಾಡುತ್ತಿದ್ದೇವೆ.